ಗೋಲಿಗೆ ಹೊಡೆಯದ ಫಾರ್ವರ್ಡ್

ರಿಯಾದಿನಲ್ಲಿ ನಮ್ಮ ಊರ ಕಡೆಯ ಹನ್ನೊಂದು ಜನ ಒಂದು ಚೆಂಡಿನ ಹಿಂದೆ ಓಡಿದರೆ ನಗೆಪಾಟಲಾಗದೆ ಇರುವುದಿಲ್ಲ. ಆಟ ತಪ್ಪಿದರೂ ಅದು ತಪ್ಪುವುದಿಲ್ಲ. ನಾನು ಈ ಫುಟ್ಬಾಲ್ ಟೀಮಿನ ಮ್ಯಾನೇಜರ್. ಮ್ಯಾನೇಜರ್ ಅಂದರೆ ದೊಡ್ಡದೆಂತ ಇಲ್ಲ ಮಾರಾಯ್ರೆ, ರಜೆಯ ಶುಕ್ರವಾರ ಬೆಳಿಗ್ಗೆ ನೀರಿನ ಬಾಟಲಿ ಹೊರುವುದು, ಜಗಳ ಬಿಡಿಸುವುದು. ಮೊಣಕಾಲು ಹೋದ ಮೇಲೆ ಸಿಕ್ಕಿದ ಹುದ್ದೆ.

೧. ರಿಲೀಸ್ ಇದೆಯಾ?

ನಮ್ಮ ಫಾರ್ವರ್ಡ್ ಕೆಲಸ ಬಿಟ್ಟು ಊರಿಗೆ ಹೋಗಿಬಿಟ್ಟ. ಪಾಸು ಕೊಟ್ಟರೆ ಮುಂದೆ ನಿಂತು ಹಿಡಿದುಕೊಳ್ಳುವವರೇ ಇಲ್ಲ. ಆಡಿದ್ದೆಲ್ಲ ಸೋಲು. ಆ ಹೊತ್ತಿಗೆ ಅಂಗಡಿಯಲ್ಲಿ ಒಬ್ಬ ವೆಲ್ಡರ್ ಸಿಕ್ಕಿದ, ಉಡುಪಿ ಕಡೆಯವನು. ಮರಳಿನ ನಡುವಿನ ಕಾರ್ಖಾನೆ ಊರು ರಾಸ್ ಅಲ್ ಖೈರ್‌ನಿಂದ ಇಲ್ಲಿಗೆ ವರ್ಗವಾಗಿ ಬಂದಿದ್ದಾನೆ. ಅಲ್ಲಿ ಫಾರ್ವರ್ಡ್ ಆಡುತ್ತಿದ್ದನಂತೆ, ಇಲ್ಲಿ ಯಾವ ಟೀಮೂ ಇಲ್ಲ.

"ಶುಕ್ರವಾರ ಬಂದರೆ ರೂಮಿನ ಗೋಡೆ ನೋಡಿಕೊಂಡು ಕೂರುವುದು ಅಣ್ಣ. ಮಾತಾಡಲಿಕ್ಕೂ ಜನ ಇಲ್ಲ," ಅಂದ. ನಮ್ಮ ಜೊತೆ ಆಡು ಬಾ ಅಂದೆ.

ಕ್ಯಾಪ್ಟನ್ನಿಗೆ ಹೇಳಿದರೆ ಅವನು ಮೊದಲು ಕೇಳಿದ್ದು ಹಳೇ ಟೀಮಿನವರು ಬಿಟ್ಟುಕೊಟ್ಟ ರಿಲೀಸ್ ಇದೆಯಾ ಅಂತ. ಕಂಪನಿ ಬದಲಾಯಿಸಲು ಕಫೀಲನ, ಅಂದರೆ ವೀಸಾ ಕೊಟ್ಟ ಧಣಿಯ, ಬಾಗಿಲಲ್ಲಿ ರಿಲೀಸ್ ಕಾಗದಕ್ಕೆ ನಿಂತು ನಿಂತು ಚಪ್ಪಲಿ ಸವೆಸಿದವನು ಇವನು. ಈಗಲೂ ಆ ಕಫೀಲನಿಗೆ ಬೈಯದೆ ಚಾ ಕುಡಿಯುವುದಿಲ್ಲ. ಕೈಗೊಂದು ಟೀಮು ಸಿಕ್ಕಿದ್ದೇ ತಡ, ತಾನೇ ಕಫೀಲನಾದ.

ಸರಿ ಅಂತ ರಾಸ್ ಅಲ್ ಖೈರ್‌ನ ಕ್ಯಾಪ್ಟನ್ನಿಗೆ ಫೋನ್ ಹಚ್ಚಿದೆ. ಅವನು ಯೋಚಿಸಿ ಹೇಳಿದ: "ಕೊನೇ ದಿನ ಇವನ ಪಾಸು ತಪ್ಪಿ ಗಾಳಿಗೆ ಉರುಳಿಹೋದ ಚೆಂಡು ಇನ್ನೂ ವಾಪಸು ಬಂದಿಲ್ಲ ಮಾರಾಯ. ಒಂದು ಚೆಂಡು ಕಳಿಸಿ, ಮನುಷ್ಯನನ್ನು ಇಟ್ಟುಕೊಳ್ಳಿ."

ಅವತ್ತೇ ಕಳಿಸಿಕೊಟ್ಟೆ. ಇಷ್ಟು ಸಸಾರದಲ್ಲಿ ರಿಲೀಸ್ ಸಿಕ್ಕಿದ್ದನ್ನು ಕೇಳಿ ನಮ್ಮ ಕ್ಯಾಪ್ಟನ್ನಿಗೆ ಹೊಟ್ಟೆ ಉರಿದುಹೋಯಿತು.

೨. ಟ್ರಯಲ್

ಮುಂದಿನ ಶುಕ್ರವಾರ ಟ್ರಯಲ್. ಎಂತ ಆಟ ಅವನದ್ದು! ಎಲ್ಲಿಂದ ಕೊಟ್ಟರೂ ಚೆಂಡು ಬಂದು ಅವನ ಕಾಲಿಗೆ ಅಂಟುತ್ತದೆ. ಇಬ್ಬರನ್ನು ದಾಟಿದ, ಗೋಲ್‌ಕೀಪರನನ್ನೂ ದಾಟಿದ. ಎದುರಿಗೆ ಖಾಲಿ ಗೋಲು. ಅಲ್ಲಿ ನಿಂತು, ತಿರುಗಿ, ಚೆಂಡನ್ನು ಜಾಗ್ರತೆಯಿಂದ ಹಿಂದಕ್ಕೆ ಕ್ಯಾಪ್ಟನ್ನಿಗೆ ಪಾಸು ಕೊಟ್ಟ. ಒಮ್ಮೆ ಅಲ್ಲ, ಪ್ರತಿ ಸಲವೂ ಅದೇ ಕತೆ.

ಕ್ಯಾಪ್ಟನ್ ಕೆಂಪಾಗಿಬಿಟ್ಟ. ಪಾಪದವನು ತಲೆ ತಗ್ಗಿಸಿ ವಿಷಯ ಹೇಳಿದ. ರಾಸ್ ಅಲ್ ಖೈರ್‌ನಲ್ಲಿ ಗೋಲಿಗೆ ಬಲೆ ಇಲ್ಲ, ಹಿಂದೆ ಗೋಡೆಯೂ ಇಲ್ಲ, ಕಣ್ಣು ಹೋದಷ್ಟು ದೂರ ಮರಳು. ಹೊಡೆದವನೇ ಹೋಗಿ ಹೆಕ್ಕಿ ತರಬೇಕು ಅಂತ ಕಾನೂನು. ಗಾಳಿ ಬೀಸಿದರೆ ಚೆಂಡಿನ ಹಿಂದೆ ಹೋದವನು ಆಟ ಮುಗಿದ ಮೇಲೆಯೇ ಬರುವುದು.

"ಹಾಗಾದರೆ ಅಲ್ಲಿ ಗೋಲು ಹೊಡೆಯುತ್ತಿದ್ದದ್ದು ಯಾರು?" ಅಂತ ಕೇಳಿದೆ.

"ಯಾರೂ ಇಲ್ಲ ಅಣ್ಣ. ಎಲ್ಲ ಮ್ಯಾಚೂ ಡ್ರಾ."

೩. ಊಟ ಬೇರೆ, ಟೀಮು ಬೇರೆ

ಇವನನ್ನು ಸೇರಿಸಬೇಕೋ ಬೇಡವೋ ಅಂತ ಚರ್ಚೆ ಎದ್ದಿತು. ಅವನೇ ನಮ್ಮನ್ನು ರೂಮಿಗೆ ಕರೆದ. ಹೋದರೆ ತುಪ್ಪದನ್ನ, ಕೋಳಿ ಸಾರು. "ಸೇರಿಸಿಕೊಳ್ಳದಿದ್ದರೂ ಬೇಜಾರಿಲ್ಲ, ಊಟ ಮಾಡಿ ಹೋಗಿ. ಈ ರೂಮಿಗೆ ಇದುವರೆಗೆ ಯಾರೂ ಬಂದಿಲ್ಲ," ಅಂದ. ಇವನನ್ನು ಸೇರಿಸುವ ಅಂತ ನಾನು ಅಲ್ಲೇ ಹೇಳಿಬಿಟ್ಟೆ.

ಕ್ಯಾಪ್ಟನ್ ಮಾತ್ರ ಕರಗುವವನಲ್ಲ. ಮಲಯಾಳಿಗಳ ಟೀಮಿನ ಎದುರು ಒಂದು ಮ್ಯಾಚ್ ಆಡಿಸುವ, ಗೋಲಿಗೆ ಹೊಡೆಯದಿದ್ದರೆ ಕೈಬಿಡುವ ಅಂದ. ಊಟಕ್ಕೂ ತೀರ್ಮಾನಕ್ಕೂ ಸಂಬಂಧ ಇಲ್ಲ ಅಂತಲೂ ಖಡಕ್ಕಾಗಿ ಹೇಳಿದ. ಹಾಗೆ ಹೇಳುವಾಗ ಅವನ ತಟ್ಟೆ ಮೂರನೇ ಸಲ ಕೋಳಿ ಪಾತ್ರೆಯ ಹತ್ತಿರ ಹೋಗಿತ್ತು.

೪. ಹೆಕ್ಕಲಿಕ್ಕೆ ನಾನಿದ್ದೇನೆ

ಮ್ಯಾಚು ಮುಗಿಯುತ್ತಾ ಬಂದರೂ ಎರಡೂ ಕಡೆ ಗೋಲಿಲ್ಲ. ಕೊನೆಯ ಪಾಸು ನಮ್ಮ ವೆಲ್ಡರಿಗೆ ಸಿಕ್ಕಿತು. ಕೀಪರನನ್ನು ದಾಟಿ ಖಾಲಿ ಗೋಲಿನ ಎದುರು ಹೋಗಿ ನಿಂತೇಬಿಟ್ಟ. ಕ್ಯಾಪ್ಟನ್ ತಲೆ ಮೇಲೆ ಕೈ ಹೊತ್ತ. ನನಗೆ ತಡೆಯಲಾಗಲಿಲ್ಲ.

"ಹೊಡಿ ಮಾರಾಯ, ಹೆಕ್ಕಲಿಕ್ಕೆ ನಾನಿದ್ದೇನೆ!" ಅಂತ ಗಂಟಲು ಹರಿದುಕೊಂಡೆ.

ಹೊಡೆದ. ಗೋಲಾಯಿತು. ಆದರೆ ಬಲೆಯಲ್ಲೊಂದು ದೊಡ್ಡ ತೂತು. ಚೆಂಡು ಅದರೊಳಗಿಂದ ಹಾರಿ ಕಾರು ನಿಲ್ಲಿಸುವ ಜಾಗಕ್ಕೆ ಉರುಳಿತು. ನಾವು ಅಪ್ಪಿಕೊಳ್ಳಲು ಓಡುವಷ್ಟರಲ್ಲಿ ಇವನು ಅಭ್ಯಾಸ ಬಲದಿಂದ ಚೆಂಡಿನ ಹಿಂದೆ ಓಟ ಕಿತ್ತ. ಮಾತು ಕೊಟ್ಟ ತಪ್ಪಿಗೆ ನಾನೂ ಕುಂಟುತ್ತಾ ಓಡಿದೆ. ನಮ್ಮ ಹಿಂದೆ ಇಡೀ ಟೀಮು. ಚೆಂಡು ತಮ್ಮದು ಅಂತ ಮಲಯಾಳಿಗಳೂ ಓಡಿದರು. ರೆಫ್ರಿ ಸೀಟಿ ಊದಿ ಆಟ ಮುಗಿಸುವಾಗ ಮೈದಾನದಲ್ಲಿ ಅವನೊಬ್ಬನೇ.

ಕಾರುಗಳ ನಡುವಿನಿಂದ ನಮ್ಮ ವೆಲ್ಡರ್ ಚೆಂಡು ಕಂಕುಳಲ್ಲಿ ಇಟ್ಟುಕೊಂಡು ಬಂದ. ಕ್ಯಾಪ್ಟನ್ ಏದುಸಿರು ಬಿಡುತ್ತಾ ಅವನನ್ನು ತಬ್ಬಿಕೊಂಡ.

"ಇನ್ನು ನೀನು ನಮ್ಮವನು. ಬೇರೆ ಯಾವ ಟೀಮಿಗೂ ಹೋಗುವ ಹಾಗಿಲ್ಲ. ನಾನಿರುವವರೆಗೆ ನಿನಗೆ ರಿಲೀಸ್ ಕೊಡುವುದಿಲ್ಲ."

ವೆಲ್ಡರ್ ಬಾಯಿ ತುಂಬ ನಕ್ಕ, ಕಣ್ಣೊರೆಸಿಕೊಂಡ. ರಿಲೀಸ್ ಇಲ್ಲ ಅಂದದ್ದಕ್ಕೆ ಒಬ್ಬ ಮನುಷ್ಯ ಅಷ್ಟು ಖುಷಿಪಟ್ಟದ್ದನ್ನು ಈ ದೇಶದಲ್ಲಿ ನಾನು ನೋಡಿದ್ದು ಅದೇ ಮೊದಲು.