ಕಿರೀಟ ಚೀಲದಲ್ಲೇ ಇತ್ತು!

ಈ ವರ್ಷ ಮೊದಲ ಬಹುಮಾನದ ಹೂಕಿರೀಟ ನಮ್ಮ ಮಗಳು ಸ್ಮಾರಾಳ ತಲೆಗೇ ಎಂದು ಶಾಲೆ ಶುರುವಾದ ದಿನವೇ ಘೋಷಿಸಿಬಿಟ್ಟೆ! ನಮ್ಮ ಯಾಶಿ ಊರಿನಲ್ಲಿ ಬಹುಮಾನ ಕೊಡುವುದು ಶಾಲೆ. ಕಿರೀಟ ಕಟ್ಟಿ ತರುವುದು ಹೆತ್ತವರು. ಹಾಗಾಗಿ ಶಾಲೆಯ ವರ್ಷ ಮುಗಿಯುವ ಜೂನ್ ತಿಂಗಳ ಸಮಾರಂಭಕ್ಕೆ ಆಸೆಯಿದ್ದವರೆಲ್ಲ ಒಂದೊಂದು ಚೀಲ ಹಿಡಿದು, ಅದರಲ್ಲಿ ಏನೂ ಇಲ್ಲವೆಂಬ ಮುಖ ಮಾಡಿಕೊಂಡು ಬರುತ್ತಾರೆ.

ನನ್ನ ಯೋಜನೆ ಸರಳ. ಸ್ಮಾರಾಳ ಪಕ್ಕ ಕೂರುತ್ತಿದ್ದ ಗೆಳತಿ ಒತಿಲ್ಯಾ ಅಂಕಗಳಲ್ಲಿ ತರಗತಿಗೇ ಕೊನೆ. ಪ್ರೊಫಿರಾ ಟೀಚರನ್ನು ಕಾಡಿ ಬೇಡಿ ಮಗಳನ್ನು ಅಲ್ಲಿಂದ ಎಬ್ಬಿಸಿ, ಪ್ರತಿವರ್ಷ ಮೊದಲು ಬರುವ ತೆಯಾಳ ಪಕ್ಕ ಕೂರಿಸಿದೆ.

"ವಿದ್ಯೆ ಏನು ನೆಗಡಿಯಾ, ಪಕ್ಕ ಕೂತ್ರೆ ಅಂಟೋಕೆ?" ಎಂದಳು ಹೆಂಡತಿ ಮಿರೂನಾ.

"ನೋಡ್ತಾ ಇರು!"

"ನೋಡ್ತಾನೇ ಇದೀನಿ. ಕನಸು ಕಾಣ್ತಿರೋರು ನೀವು."

ನಿಜ. ಜೂನ್ ಬಂತು, ಬೀದಿ ತುಂಬ ಲಿಂಡನ್ ಮರಗಳು ಹೂಬಿಟ್ಟವು. ಆ ಪರಿಮಳಕ್ಕೆ ಬಾಲ್ಕನಿಯಲ್ಲಿ ಕೂತವನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮುಚ್ಚಿದೊಡನೆ ಸ್ಮಾರಾ ವೇದಿಕೆ ಹತ್ತುತ್ತಿದ್ದಳು, ಬ್ಯಾಂಡ್ ಮೊಳಗುತ್ತಿತ್ತು, ಊರಿನ ಮೇಯರ್ ಕುಲುಕಿದ ನನ್ನ ಕೈಯನ್ನು ಬಿಡುತ್ತಲೇ ಇರಲಿಲ್ಲ! ಅದೇ ಮಂಪರಿನಲ್ಲಿ ಅತ್ತೆಯ ತೋಟದ ಗುಲಾಬಿಗೆ ಲಿಂಡನ್ ಹೂ ಸೇರಿಸಿ ಕಿರೀಟ ಕಟ್ಟಿದೆ. ಶಾಲೆಯವರೆಗೂ ಜೇನುನೊಣಗಳು ಹಿಂಬಾಲಿಸಿದವು. ನನಗೆ ಅದೂ ಮೆರವಣಿಗೆಯಾಗಿಯೇ ಕಂಡಿತು.

"ಮೊದಲ ಬಹುಮಾನ..." ಎಂದರು ಟೀಚರ್. ನಾನು ಚೀಲದೊಳಗೆ ಕೈ ಹಾಕಿದೆ.

"...ಒತಿಲ್ಯಾ!"

ಒತಿಲ್ಯಾಳ ತಾಯಿ ಕೂತಲ್ಲೇ ಅತ್ತುಬಿಟ್ಟಳು. ಇಂಥದ್ದೊಂದು ಆಗುತ್ತದೆಂದು ಅಂದುಕೊಂಡೇ ಇರದ ಆಕೆ ಕಿರೀಟ ತಂದಿರಲಿಲ್ಲ. ಹುಡುಗಿ ವೇದಿಕೆಯ ಮೇಲೆ ಬರಿದಲೆಯಲ್ಲಿ ನಿಂತಿದ್ದಳು. ನನಗೆ ಹೊಟ್ಟೆಕಿಚ್ಚು, ಸುಳ್ಳು ಯಾಕೆ ಹೇಳಲಿ! ಅಷ್ಟರಲ್ಲಿ ಸ್ಮಾರಾ ಓಡಿಬಂದು ನನ್ನ ಚೀಲ ಕಸಿದುಕೊಂಡಳು. ಕನಸಿನಲ್ಲಿ ಕಂಡಂತೆಯೇ ವೇದಿಕೆ ಹತ್ತಿದಳು. ಕಿರೀಟವನ್ನು ಮಾತ್ರ ಗೆಳತಿಯ ತಲೆಗೆ ಇಟ್ಟಳು.

ಟೀಚರ್ ಬಂದು ನನ್ನ ಕೈ ಕುಲುಕಿದರು. "ದೊಡ್ಡ ಉಪಕಾರ ಆಯ್ತು ಸಾರ್! ನಿಮ್ಮ ಮಗಳ ಹರಟೆ ಪಕ್ಕದಿಂದ ಎದ್ದು ಹೋದ್ಮೇಲೇ ಒತಿಲ್ಯಾಗೆ ನನ್ನ ಪಾಠ ಕೇಳಿಸಿದ್ದು!"

ಅವರ ಬೆನ್ನಿಗೇ ತೆಯಾಳ ಅಪ್ಪ, ಕೈಯಲ್ಲಿ ಬಿಚ್ಚದ ಚೀಲ. "ಮುಂದಿನ ವರ್ಷ ಮಗಳನ್ನ ಯಾರ ಪಕ್ಕ ಕೂರಿಸ್ತೀರಿ? ಮೊದ್ಲೇ ಹೇಳ್ಬಿಡಿ, ನಮ್ಮ ಹುಡುಗೀನ ಬೇರೆ ಶಾಲೆಗೆ ಹಾಕ್ತೀನಿ."

ಮಿರೂನಾ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಳು. ನನಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು. ವೇದಿಕೆಯಿಂದ ಇಳಿದುಬಂದ ಸ್ಮಾರಾ ನನ್ನ ಕುತ್ತಿಗೆಗೆ ಜೋತುಬಿದ್ದಳು.

"ನೋಡಿದ್ಯಾ ಅಪ್ಪಾ! ಅಷ್ಟು ಚೀಲಗಳಲ್ಲಿ ನಿನ್ನ ಕಿರೀಟಕ್ಕೇ ಫಸ್ಟ್ ಪ್ರೈಜ್!"