ಇಪ್ಪತ್ತೆರಡು ಬ್ಲೌಸು, ಎರಡು ಸಾಲು

ಅಬ್ಬನ ಟೈಲರ್ ಅಂಗಡಿಯನ್ನು ಸುಧಾರಿಸುವುದು ನನಗೆ ಎರಡು ದಿನದ ಕೆಲಸ ಎಂದು ಸೋಮವಾರ ಬೆಳಿಗ್ಗೆ ಡೈರಿಯಲ್ಲಿ ಬರೆದೆ. ಕೆಳಗೆ ಗೆರೆಯನ್ನೂ ಎಳೆದೆ. ಅಷ್ಟು ಧೈರ್ಯ.

ಧೈರ್ಯಕ್ಕೆ ಕಾರಣವಿತ್ತು. ಬರುವ ಭಾನುವಾರ ದಾವಣಗೆರೆಯಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ಪ್ರೋಗ್ರಾಮಿಂಗ್ ಸ್ಪರ್ಧೆ. ಮೂರು ತಿಂಗಳಿಂದ ನಾನು ಅರೇ ಲೆಕ್ಕಗಳನ್ನು ಬಿಡಿಸುತ್ತಿದ್ದೆ. ಅರೇ ಅಂದರೆ ಸಾಲಾಗಿ ಜೋಡಿಸಿಟ್ಟ ಸಂಖ್ಯೆಗಳು. ಅವುಗಳಲ್ಲಿ ಬೇಕಾದ್ದನ್ನು ಕೊಟ್ಟ ಸಮಯದೊಳಗೆ, ಕೊಟ್ಟಷ್ಟೇ ಮೆಮೊರಿಯಲ್ಲಿ ಹುಡುಕಿ ಕೊಡಬೇಕು. ಡೈರಿಯ ಪ್ರಕಾರ ಈವರೆಗೆ ಸರಿ ಉತ್ತರ ಮೂವತ್ತೊಂದು, ‘ಸಮಯ ಮೀರಿದೆ’ ನಲವತ್ತಾರು, ‘ಮೆಮೊರಿ ಮೀರಿದೆ’ ಹನ್ನೆರಡು. ಮೊದಲನೆಯ ಸಂಖ್ಯೆಯನ್ನು ಮಾತ್ರ ಮನೆಯಲ್ಲಿ ಹೇಳಿದ್ದೆ.

ಅಬ್ಬ ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ಅಂಗಡಿಯಲ್ಲಿದ್ದರೆ ಮಗಳಿಗೂ ಕನ್ನಡವೇ. ಸ್ಪರ್ಧೆಗೆ ಹೋಗುವ ವಿಷಯ ಎತ್ತಿದಾಗ ಕತ್ತರಿಯಿಂದ ತಲೆಯೆತ್ತದೆ ಹೇಳಿದರು: “ಸಾಸ್ವೆಹಳ್ಳಿ ಮದುವೆ ಬ್ಲೌಸು ಇಪ್ಪತ್ತೆರಡು ಬಂದೈತೆ. ಶನಿವಾರದೊಳಗೆ ಮುಗಿದ್ರೆ ಹೋಗು.”

ಹೊನ್ನಾಳಿಯ ನಮ್ಮ ಅಂಗಡಿಯಲ್ಲಿ ಒಂದೇ ಕಪಾಟು. ಅದೇ ಮೆಮೊರಿ. ಶನಿವಾರವೇ ಸಮಯದ ಮಿತಿ. ಇದು ನನಗಾಗಿಯೇ ಹುಟ್ಟಿದ ಲೆಕ್ಕ!

ಬ್ಲೌಸು ಹೊಲಿಸುವವರು ಹೊಸ ಬಟ್ಟೆಯ ಜೊತೆ ಅಳತೆಗೆ ಒಂದು ಹಳೇ ಬ್ಲೌಸು ಕೊಡುತ್ತಾರೆ. ಅಬ್ಬ ಹಳೆಯದನ್ನು ಹೊಸ ಬಟ್ಟೆಯೊಳಗೆ ಸುತ್ತಿ, ಚಿಂದಿ ಪಟ್ಟಿಯಿಂದ ಗಂಟು ಹಾಕಿ ಇಡುತ್ತಾರೆ. ಹೆಸರಿಲ್ಲ, ಚೀಟಿಯಿಲ್ಲ. ಇಪ್ಪತ್ತೆರಡು ಉಬ್ಬಿದ ಗಂಟು ಸೇರಿ ಕಪಾಟು ಭರ್ತಿ. ಎಷ್ಟೊಂದು ಜಾಗ ದಂಡ ಅನಿಸಿತು.

ಸೋಮವಾರ ಇಪ್ಪತ್ತೆರಡೂ ಗಂಟು ಬಿಚ್ಚಿದೆ. ಹೊಸ ಬಟ್ಟೆಗಳನ್ನು ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಒಂದು ಸಾಲು ಮಾಡಿದೆ, ದಾರ ಪದೇ ಪದೇ ಬದಲಿಸುವುದು ತಪ್ಪಲಿ ಎಂದು. ಮಂಗಳವಾರ ಹಳೇ ಬ್ಲೌಸುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಇನ್ನೊಂದು ಸಾಲು ಮಾಡಿದೆ. ಕಪಾಟಿನಲ್ಲಿ ಅರ್ಧ ಜಾಗ ಉಳಿಯಿತು. ಚಿಂದಿ ಪಟ್ಟಿಗಳನ್ನು ಒಲೆಗೆ ಹಾಕಿದೆ.

“ಅಬ್ಬ, ಈ ಸಾಲಿಂದ ಎಷ್ಟನೇದು ತಗೊಳ್ತೀರೋ, ಆ ಸಾಲಿಂದ ಅಷ್ಟನೇದೇ ತಗೊಳ್ಳಿ” ಎಂದೆ.

ಎರಡೂ ಸಾಲು ಒಪ್ಪವಾಗಿದ್ದರೆ ಜೋಡಿಯೂ ಒಪ್ಪವಾಗಿರುತ್ತದೆ ಎಂಬುದು ನನ್ನ ಸಿದ್ಧಾಂತ. ಮಗಳು ಡಿಗ್ರಿ ಓದುತ್ತಾಳೆ ಎಂಬುದು ಅಬ್ಬನ ಸಿದ್ಧಾಂತ. ಎರಡೂ ಗುರುವಾರದವರೆಗೆ ಬದುಕಿದ್ದವು.

ಮದುವೆ ಬಟ್ಟೆಗಳ ಚೀಲ ತಂದುಕೊಟ್ಟಿದ್ದ ಗಂಗಮ್ಮ, ಅಂದರೆ ಮದುಮಗಳ ದೊಡ್ಡಮ್ಮ, ಮೆರೂನ್ ರೇಷ್ಮೆ ಮತ್ತು ಬೆಣ್ಣೆ ಬಣ್ಣದ್ದು ಎರಡನ್ನು ಮೊದಲು ಹೊಲಿಯಲು ಹೇಳಿದ್ದರು. ಅಬ್ಬ ಮೆರೂನಿಗೆ ಎರಡೂ ಸಾಲಿನ ಕೊನೆಯದನ್ನು, ಬೆಣ್ಣೆ ಬಣ್ಣಕ್ಕೆ ಎರಡೂ ಸಾಲಿನ ಮೊದಲನೆಯದನ್ನು ತೆಗೆದು ಕತ್ತರಿಸಿ ಹೊಲಿದರು. ಗುರುವಾರ ಗಂಗಮ್ಮ ಮದುಮಗಳು ಸುಮಾಳ ಜೊತೆ ಹಾಕಿ ನೋಡಲು ಬಂದರು.

ಮೆರೂನ್ ಸುಮಾಳದು. ಸುಮಾ ಇಪ್ಪತ್ತೆರಡು ಮಂದಿಯಲ್ಲೇ ಸಣಕಲು. ಅವಳು ಪರದೆಯಿಂದ ಹೊರಬಂದಾಗ ಆ ಬ್ಲೌಸಿನೊಳಗೆ ಇನ್ನೊಬ್ಬ ಮದುಮಗಳಿಗೆ ಜಾಗವಿತ್ತು. ಬೆಣ್ಣೆ ಬಣ್ಣದ್ದು ಗಂಗಮ್ಮನದು, ಎಲ್ಲರಿಗಿಂತ ದಪ್ಪ ಅವರೇ. ಅದು ಅವರ ಮೊಣಕೈವರೆಗೆ ಬಂದು ನಿಂತಿತು. ಮುಂದೆ ಹೋಗಲು ಒಪ್ಪಲಿಲ್ಲ.

“ಸಾಬ್ರೇ, ನಾನು ಶಾಲೆಗೆ ಹೋಗುವಾಗ ಇದನ್ನ ಹೊಲಿದಿದ್ರೆ ಸರಿ ಇರ್ತಿತ್ತು” ಎಂದರು ಗಂಗಮ್ಮ.

ಅಬ್ಬ ಸಾಲುಗಳನ್ನು ನೋಡಿದರು. ನನ್ನನ್ನು ನೋಡಿದರು. “ಗಂಟು ಎಲ್ಲಿ?”

ಒಲೆಯಲ್ಲಿ ಎಂದು ಹೇಳಲು ನನಗೆ ಒಂದು ನಿಮಿಷ ನಲವತ್ತು ಸೆಕೆಂಡು ಬೇಕಾಯಿತು.

ಉಳಿದ ಇಪ್ಪತ್ತು ಬಟ್ಟೆ ಯಾವ ಅಳತೆಗೆ ಸೇರಿದ್ದು? ಪ್ರತಿ ಬಟ್ಟೆಯನ್ನೂ ಪ್ರತಿ ಬ್ಲೌಸಿನ ಜೊತೆ ಹಿಡಿದು ಫೋಟೋ ತೆಗೆದು ಸಾಸ್ವೆಹಳ್ಳಿಗೆ ಕಳಿಸೋಣ ಎಂದೆ. ನಾನೂರು ಫೋಟೋ. ಇಪ್ಪತ್ತಾರನೆಯದಕ್ಕೆ ಫೋನು ಮೆಮೊರಿ ಭರ್ತಿ ಎಂದಿತು. ‘ಮೆಮೊರಿ ಮೀರಿದೆ’ ಹದಿಮೂರನೆಯ ಸಲ!

ಅಬ್ಬ ಗಂಗಮ್ಮನಿಗೆ ಕೈಮುಗಿದು ಏನೋ ಕೇಳಿಕೊಂಡರು. ಶುಕ್ರವಾರ ಬೆಳಿಗ್ಗೆ ಲಗೇಜ್ ಆಟೋದಲ್ಲಿ ಇಪ್ಪತ್ತು ಹೆಂಗಸರು ಬಂದಿಳಿದರು. ಗಂಗಮ್ಮ ಬಾಗಿಲಲ್ಲಿ ನಿಂತು, ನಿಮ್ಮ ನಿಮ್ಮದನ್ನ ನೀವೇ ಎತ್ಕೊಳ್ರಿ ಎಂದರು. ಒಂದು ಕೈಗೆ ಹಳೇ ಬ್ಲೌಸು, ಇನ್ನೊಂದು ಕೈಗೆ ಹೊಸ ಬಟ್ಟೆ. ಏಳು ನಿಮಿಷದಲ್ಲಿ ಎಲ್ಲಾ ಜೋಡಿ ಸಿಕ್ಕಿತು. ಯಾರೂ ಮೂರು ತಿಂಗಳು ಅಭ್ಯಾಸ ಮಾಡಿರಲಿಲ್ಲ.

ಕೆಟ್ಟಿದ್ದ ಎರಡನ್ನು ಅಬ್ಬ ಅವುಗಳಿಂದಲೇ ಸರಿಮಾಡಿದರು. ಸುಮಾಳ ಬ್ಲೌಸಿನಿಂದ ಕತ್ತರಿಸಿ ತೆಗೆದ ಮೆರೂನನ್ನು ಗಂಗಮ್ಮನ ಬ್ಲೌಸಿನ ಪಕ್ಕಗಳಿಗೂ ತೋಳುಗಳಿಗೂ ಸೇರಿಸಿದರು. ಗಂಗಮ್ಮನ ಸೀರೆಯ ಅಂಚೂ ಮೆರೂನೇ. ಹೊರಗಿನಿಂದ ಒಂದು ತುಂಡು ಬಟ್ಟೆಯೂ ಬೇಕಾಗಲಿಲ್ಲ. ಹೆಚ್ಚುವರಿ ಮೆಮೊರಿ ಇಲ್ಲದೆ ಲೆಕ್ಕ ಬಿಡಿಸುವುದು ಅಂದರೆ ಇದೇ ಎಂದು ಅಬ್ಬನಿಗೆ ವಿವರಿಸಿದೆ. ಅವರು ನನ್ನ ಕೈಗೆ ಸೂಜಿ ಕೊಟ್ಟರು.

ಅಬ್ಬ ರಾತ್ರಿಯಿಡೀ ಮಿಷನ್ ತುಳಿದರು, ನಾನು ಹುಕ್ಕು ಹಾಕಿದೆ. ಇಪ್ಪತ್ತೆರಡು ಬ್ಲೌಸು, ಒಂದಕ್ಕೆ ಆರು ಹುಕ್ಕು. ನೂರಾ ಮೂವತ್ತೆರಡು. ಬೆರಳಿಗೆ ಚುಚ್ಚಿದ್ದು ಹತ್ತೊಂಬತ್ತು ಸಲ. ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಮುಗಿಯಿತು. ಮುಗಿದಿದ್ದರೂ ಅಬ್ಬ ದಾವಣಗೆರೆಯ ಮಾತೆತ್ತಲಿಲ್ಲ. ಬಟ್ಟೆ ಒಯ್ಯಲು ಬಂದ ಗಂಗಮ್ಮನೇ ನನ್ನ ಪರ ವಾದಿಸಿದರು.

“ಹುಡುಗೀನ ಕಳಿಸ್ರೀ ಸಾಬ್ರೇ. ನಾಳೆ ಅಂಗಡೀಗೆ ನಮ್ಮ ಬೀಗರ ಬಟ್ಟೆ ಬರೋದೈತೆ.”

ಅಬ್ಬನಿಗೆ ಆ ವಾದ ತಕ್ಷಣ ಒಪ್ಪಿಗೆಯಾಯಿತು.

ಭಾನುವಾರ ಸ್ಪರ್ಧೆಯ ಕೋಣೆಯ ಬಾಗಿಲಲ್ಲಿ ಮೇಡಂ ಗುರುತಿನ ಚೀಟಿ ಕೇಳಿದರು. ತೆಗೆದೆ. ಜೊತೆಗೆ ಊಟದ ಡಬ್ಬಿಯೂ ಬಂತು. ಅಬ್ಬ ಎರಡನ್ನೂ ಚಿಂದಿ ಪಟ್ಟಿಯಿಂದ ಸೇರಿಸಿ ಗಂಟು ಹಾಕಿದ್ದರು. ಬಿಚ್ಚಮ್ಮ ಎಂದರು ಮೇಡಂ. ಬಿಚ್ಚುವ ಧೈರ್ಯವಾಗಲಿಲ್ಲ. ಡಬ್ಬಿ ಸಮೇತ ತೋರಿಸಿದೆ.

ಮೊದಲ ಪ್ರಶ್ನೆ: ಎರಡು ಸಾಲುಗಳಿವೆ, ಒಂದನ್ನು ಕ್ರಮವಾಗಿ ಜೋಡಿಸಿ, ಜೋಡಿ ತಪ್ಪಬಾರದು. ಜೋಡಿಗಳಿಗೆ ಮೊದಲು ಗಂಟು ಹಾಕಿ, ಆಮೇಲೆ ಜೋಡಿಸಿದೆ. ಸರಿ ಉತ್ತರ! ಉಳಿದ ಮೂರಕ್ಕೂ ‘ಸಮಯ ಮೀರಿದೆ’.

ಆ ದಿನ ಕೊಟ್ಟ ಸಮಯದೊಳಗೆ ನಾನು ಪೂರ್ತಿ ಖಾಲಿ ಮಾಡಿದ್ದು ಒಂದೇ: ಆ ಡಬ್ಬಿ.