ಶಾಲೆಗೆ ಶಿಸ್ತು ಕಲಿಸಿದ ಹೆರಿಬೆರ್ತೊ

ಗಂಡಸು ಮಧ್ಯಾಹ್ನ ಮನೆಗೆ ಬಂದಾಗ ಒಲೆಯ ಮೇಲೆ ಏನಾದರೂ ಕುದಿಯುತ್ತಿರಬೇಕು ಎಂಬುದು ಡಾನ್ ಹೆರಿಬೆರ್ತೊ ಒಕಾಂಪೊಸನ ಬಾಳಿನ ಮೂಲ ಸಿದ್ಧಾಂತ. ಆ ದಿನ ಅವನು ತನ್ನ ಕ್ಷೌರದಂಗಡಿಯ ಬಾಗಿಲೆಳೆದು ಮನೆಗೆ ಬಂದಾಗ ಒಲೆಯ ಮೇಲೆ ಕುದಿಯುತ್ತಲೂ ಇತ್ತು. ಬೆಳ್ಳಗೆ, ಗಟ್ಟಿಯಾಗಿ, ಗುಳುಗುಳು ಅನ್ನುತ್ತಿತ್ತು. ಏನೋ ಹೊಸ ಬಗೆಯ ಗಂಜಿಯಿರಬೇಕೆಂದು ಒಂದು ಸೌಟು ಬಾಯಿಗೆ ಹಾಕಿಕೊಂಡ. ಮೇಲಿನ ಮೀಸೆ ಕೆಳಗಿನ ತುಟಿಗೆ ಅಂಟಿಕೊಂಡಿತು.

"ಅಯ್ಯೋ, ಅದು ಅಂಟು ಕಣ್ರೀ. ಶಾಲೆ ತೋರಣಕ್ಕೆ," ಎಂದಳು ಹೆಂಡತಿ ದೆಯೋಲಿಂದಾ, ಬಣ್ಣದ ಕಾಗದ ಕತ್ತರಿಸುತ್ತಾ, ತಲೆಯೆತ್ತದೆ.

"ಊಟ?"

"ನಿನ್ನೆಯ ಮರಗೆಣಸಿದೆ. ಬಿಸಿ ಮಾಡ್ಕೊಳ್ಳಿ."

ನಮ್ಮ ಬೀದಿಯಲ್ಲಿ ಆ ವರ್ಷ ನಿನ್ನೆಯ ಮರಗೆಣಸು ತಿಂದ ಗಂಡಸು ಅವನೊಬ್ಬನೇ ಅಲ್ಲ. ಫೆಬ್ರವರಿಯಲ್ಲಿ ಶಾಲೆ ತೆರೆದದ್ದೇ ತಡ, ಊರಿನ ತಾಯಂದಿರನ್ನೆಲ್ಲ ಅದು ನುಂಗಿಕೊಂಡಿತ್ತು. ಒಂದು ವಾರ ಗೋಡೆಗೆ ಸುಣ್ಣ, ಮುಂದಿನ ವಾರ ತರಕಾರಿ ತೋಟಕ್ಕೆ ಬೇಲಿ, ಆಮೇಲೆ ಶಿಕ್ಷಕರ ದಿನದ ತಯಾರಿ, ಸ್ವಾತಂತ್ರ್ಯದ ಮೆರವಣಿಗೆಯ ತಾಲೀಮು, ಹಲ್ಲಿನ ಡಾಕ್ಟರು ಬರುವ ದಿನ, ಆ ಡಾಕ್ಟರಿಗೆ ಊಟ ಹಾಕುವ ದಿನ. ಉಳಿದ ಗಂಡಸರು ಸುಮ್ಮನೆ ನುಂಗಿಕೊಂಡರು. ಹೆರಿಬೆರ್ತೊ ಮಾತ್ರ ಮೀಸೆಯ ಅಂಟು ತೊಳೆದುಕೊಂಡು ಬಂದು ಅಡುಗೆಮನೆಯ ನಡುವೆ ನಿಂತು ಭಾಷಣ ಶುರುಮಾಡಿದ.

"ಒಂದು ಪ್ರಾಥಮಿಕ ಶಾಲೆ ನಡೆಸೋದಕ್ಕೆ ಇಷ್ಟು ಹೆಂಗಸರು ಬೇಕೇನೆ? ನೀವು ಕೆಲಸಕ್ಕೆ ಹೋಗ್ತೀರೋ ಹರಟೆಗೆ ಹೋಗ್ತೀರೋ? ಶಿಸ್ತು ಬಲ್ಲ ಒಬ್ಬ ಗಂಡಸು ಹೋಗಿ ನಿಂತ್ರೆ ಸಾಕು, ನೀವು ತಿಂಗಳಲ್ಲಿ ಮಾಡೋದನ್ನ ಒಂದು ಮಧ್ಯಾಹ್ನದಲ್ಲಿ ಮುಗಿಸ್ತಾನೆ."

ಹೆಂಡತಿ ಬೈಯುತ್ತಾಳೆಂದು ಅವನು ಕಾದ. ಅದಕ್ಕೆ ಕೊಡಬೇಕಾದ ಉತ್ತರವೂ, ಆ ಉತ್ತರಕ್ಕೆ ಅವಳು ಅತ್ತರೆ ಹೇಳಬೇಕಾದ ಸಮಾಧಾನವೂ ಸಿದ್ಧವಾಗಿದ್ದವು. ದೆಯೋಲಿಂದಾ ಕತ್ತರಿ ಕೆಳಗಿಟ್ಟಳು. ಅಂಟಿನ ಪಾತ್ರೆಯನ್ನು ಒಲೆಯಿಂದಿಳಿಸಿ, ಹಿಡಿಗೆ ಬಟ್ಟೆ ಸುತ್ತಿ, ಅವನ ಕೈಗೇ ಕೊಟ್ಟಳು.

"ಹಾಗಾದ್ರೆ ನೀವೇ ಹೋಗಿ. ನಾನು ಮನೇಲಿರ್ತೀನಿ."

ಅವನಿಗೆ ಆದ ಮೊದಲ ಆಘಾತ ಇದು.

ಎರಡನೆಯದು ಶಾಲೆಯಲ್ಲಿ ಕಾದಿತ್ತು. ತಾಯಂದಿರ ಸಮಿತಿ ಮಾವಿನ ಮರದ ಕೆಳಗೆ, ಒಂದನೇ ತರಗತಿ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಕೂತು ತಣ್ಣನೆಯ ತೆರೆರೆ ಕಷಾಯ ಹೀರುತ್ತಿತ್ತು. ಹೆರಿಬೆರ್ತೊ ಶಿಸ್ತಿನ ಮಹಿಮೆ ಕುರಿತು ಮಾತಾಡಿದ. ಹೆಂಗಸರು ನಗುತ್ತಾರೆಂದು ಅವನು ಎದೆ ಗಟ್ಟಿಮಾಡಿಕೊಂಡಿದ್ದ. ಅವರು ಚಪ್ಪಾಳೆ ತಟ್ಟಿದರು. ತಟ್ಟಿ, ಅಲ್ಲೇ ಅವನನ್ನು ಅಧ್ಯಕ್ಷನನ್ನಾಗಿ ಆರಿಸಿ, ತಂತಮ್ಮ ಲೋಟ ತೊಳೆದುಕೊಂಡು ಮನೆಗೆ ಹೋದರು. ಮುಖ್ಯೋಪಾಧ್ಯಾಯಿನಿ ನ್ಯಾ ಬಸಿಲೀಸಾ (ಊರಿನ ಹಿರಿಯ ಹೆಂಗಸರನ್ನೆಲ್ಲ ನಾವು ನ್ಯಾ ಎಂದೇ ಕರೆಯುವುದು) ಅವನ ಕೈಕುಲುಕಿ, "ದೇವರೇ ಕಳಿಸಿದ ಹಾಗೆ ಬಂದ್ರಿ" ಎಂದರು. ಮೂವತ್ತು ವರ್ಷ ಶಾಲೆ ನಡೆಸಿದ ಹೆಂಗಸು. ಅವರ ಮುಖ ನೋಡಿ ಒಳಗಿನದು ಹೇಳುವುದು ಕಷ್ಟ.

ಹೆರಿಬೆರ್ತೊ ಒಂದು ಸೀಟಿ ಕೊಂಡ.

ಆ ಸೀಟಿಯ ಸದ್ದು ನಮಗೆಲ್ಲ ಇಂದಿಗೂ ಕಿವಿಯಲ್ಲಿದೆ. ಬೆಳಿಗ್ಗೆ ಮಕ್ಕಳು ಗೇಟು ದಾಟಿದರೆ ಸೀಟಿ. ಕೈ ತೊಳೆಯಲು ಸೀಟಿ, ಒರೆಸಿಕೊಳ್ಳಲು ಸೀಟಿ. ತೋಟದಲ್ಲಿ ಕಳೆ ಕೀಳುವುದನ್ನೂ ಸೀಟಿಯ ತಾಳಕ್ಕೆ ಹೊಂದಿಸಿದ. ಒಂದು ಸೀಟಿಗೆ ಬಗ್ಗಬೇಕು, ಎರಡನೆಯದಕ್ಕೆ ಕೀಳಬೇಕು. ಕಳೆ ಯಾವುದು ಸೊಪ್ಪು ಯಾವುದು ಎಂದು ನೋಡುವಷ್ಟು ಹೊತ್ತು ಎರಡು ಸೀಟಿಗಳ ನಡುವೆ ಇರಲಿಲ್ಲ. ಬೆಲ್ ಹೊಡೆಯುವ ಹೊತ್ತಿಗೆ ತೋಟ ಬೋಳಾಗಿತ್ತು. ಬರಿನೆಲ ನೋಡಿ ಅವನು, "ಎಷ್ಟು ಚೊಕ್ಕವಾಗಿದೆ ನೋಡಿ" ಎಂದ.

ಫುಟ್ಬಾಲಿನಲ್ಲಿ ಹುಡುಗರು ಒಂದೇ ಚೆಂಡಿಗೆ ಕಿತ್ತಾಡುವುದು ಅವನ ಕಣ್ಣಿಗೆ ಅಸಹ್ಯವಾಗಿ ಕಂಡಿತು. ಎರಡು ತಂಡಕ್ಕೂ ಒಂದೊಂದು ಚೆಂಡು ಕೊಟ್ಟು, ನಡುವೆ ಗೆರೆ ಎಳೆದು, ದಾಟಬಾರದೆಂದ. ಪಂದ್ಯ ಬಹಳ ಶಾಂತವಾಗಿ ನಡೆಯಿತು. ಯಾರು ಗೆದ್ದರೆಂದು ಯಾರೂ ಕೇಳಲಿಲ್ಲ.

ಅವನ ಮಗಳು ಜೆರುತಿ ಮೂರನೇ ತರಗತಿ. ಮೊದಲೆಲ್ಲ ಅಪ್ಪನ ಕೈಹಿಡಿದು, ಕುಣಿದುಕೊಂಡು, ಬಾಯಿಗೆ ಬಂದದ್ದು ಮಾತಾಡುತ್ತಾ ಶಾಲೆಗೆ ಹೋಗುತ್ತಿದ್ದವಳು. ಮೇ ತಿಂಗಳ ಹೊತ್ತಿಗೆ ರಸ್ತೆಯ ಆ ಬದಿಯಲ್ಲಿ ನಡೆಯತೊಡಗಿದಳು. "ಈ ಕಡೆ ಬಾರೇ" ಎಂದರೆ, "ಇಲ್ಲಿ ನೆರಳಿದೆ ಪಪ್ಪಾ" ಎನ್ನುತ್ತಿದ್ದಳು. ಆ ಬದಿಯಲ್ಲಿ ಒಂದು ಮರವೂ ಇಲ್ಲ. ಹೆರಿಬೆರ್ತೊ ಅದನ್ನು ಗಮನಿಸಿದ. ಮಗು ದೊಡ್ಡದಾಗುತ್ತಿದೆ ಅಂದುಕೊಂಡ. ಆದರೂ ಮಧ್ಯೆ ಮಧ್ಯೆ ಆ ಬದಿಗೆ ಕಣ್ಣು ಹೋಗುತ್ತಿತ್ತು.

ಜೂನ್ ಬಂತು, ನಮ್ಮ ಕಡೆಯ ಚಳಿಗಾಲ ಬಂತು, ಸಾನ್ ಹುವಾನ್ ಹಬ್ಬ ಬಂತು. ಇಡೀ ಊರು ಶಾಲೆಯ ಅಂಗಳಕ್ಕೆ ಬರುವ ದಿನ ಅದೊಂದೇ. ಎಣ್ಣೆ ಸವರಿದ ಕಂಬ ಹತ್ತುವುದು, ಕೊಂಬಿಗೆ ಬೆಂಕಿ ಹಚ್ಚಿಕೊಂಡ ಗೂಳಿವೇಷ, ಎಂಬೆಜು ರೊಟ್ಟಿ, ಎಲ್ಲದರ ಕೊನೆಗೆ ಯೂದನ ದಹನ. ಯೇಸುವನ್ನು ಹಿಡಿದುಕೊಟ್ಟ ಯೂದನೆಂದು ಹೆಸರಿಗೆ ಹೇಳುವುದು. ಹುಲ್ಲಿನ ಆ ಗೊಂಬೆಗೆ ಹಾಕುವ ಮುಖ ಮಾತ್ರ ಆಯಾ ವರ್ಷ ಊರಿನ ಹೊಟ್ಟೆ ಉರಿಸಿದವರದು. ಹಿಂದಿನ ಸಲ ಕರೆಂಟು ಕಡಿಯುವ ಇಲಾಖೆಯ ಮನುಷ್ಯ. ಅದಕ್ಕೂ ಹಿಂದಿನ ಸಲ ನಮ್ಮ ಗೋಲನ್ನು ಗೋಲಲ್ಲವೆಂದ ರೆಫರಿ. ಅವನು ಆಮೇಲೆ ಈ ಕಡೆ ಬರಲೇ ಇಲ್ಲ.

ಗೊಂಬೆಯನ್ನು ಯಾವಾಗಲೂ ತಾಯಂದಿರೇ ಹೊಲಿಯುತ್ತಿದ್ದರು. ಹೆರಿಬೆರ್ತೊ ಅಲ್ಲಿಗೂ ಸುಧಾರಣೆ ತಂದ.

"ಇದು ಶಾಲೆ. ಮಕ್ಕಳೇ ಮಾಡ್ಲಿ," ಎಂದ. "ಯಾರ ಗೊಂಬೆ ಅಂತ ಅವರೇ ಮತ ಹಾಕಿ ಆರಿಸ್ಲಿ. ದೊಡ್ಡವರು ಯಾರೂ ಯಾಕೆ ಏನು ಅಂತ ಕೇಳಬಾರದು, ಇಣುಕಿ ನೋಡಬಾರದು. ಪ್ರಜಾಪ್ರಭುತ್ವ ಅಂದ್ರೆ ಹೀಗೆ ಕಲಿಸಬೇಕು."

ಮೂರನೇ ತರಗತಿಯ ಟೀಚರು ಸುನಿಲ್ದಾಗೆ ಕೆಲಸ ಒಪ್ಪಿಸಲಾಯಿತು. ಎರಡು ದಿನ ಬಿಟ್ಟು ಆಕೆ ಅವನ ಅಂಗಡಿಯ ತನಕ ಬಂದು ಬಾಗಿಲಲ್ಲೇ ನಿಂತಳು.

"ಡಾನ್ ಹೆರಿಬೆರ್ತೊ, ಮಕ್ಕಳು ಮತ ಹಾಕಿದ್ರು. ನೀವೊಂದ್ಸಲ ಬಂದು ನೋಡಿದ್ರೆ ಒಳ್ಳೇದಿತ್ತು."

"ಇಣುಕಬಾರದು ಅಂತ ನಾನೇ ಹೇಳಿ ನಾನೇ ಇಣುಕಲಾ?"

"ಅಲ್ಲ, ಮುಖ ಸ್ವಲ್ಪ..."

"ಹೋಲುತ್ತೋ ಇಲ್ವೋ?"

"ಹೋಲುತ್ತೆ," ಎಂದಳು ಟೀಚರು. "ಅದೇ ಯೋಚನೆ."

"ಹೋಲಬೇಕು. ನೋಡಿದ ಕೂಡ್ಲೆ ಊರಿಗೆಲ್ಲ ಗೊತ್ತಾಗಬೇಕು," ಎಂದು ಅವನು ಕೂತಿದ್ದ ಗಿರಾಕಿಯ ಗಲ್ಲಕ್ಕೆ ಸೋಪು ಹಚ್ಚಿದ. ಟೀಚರು ಶಾಲೆಗೆ ಹಿಂತಿರುಗಿದಳು.

ಹಬ್ಬದ ದಿನ ಹೆರಿಬೆರ್ತೊ ಬೀರು ತಡಕಾಡಿದ. ಮದುವೆ ತಿಥಿಗಳಿಗೆಂದೇ ಇಟ್ಟುಕೊಂಡಿದ್ದ ಕಂದು ಬಣ್ಣದ ಪ್ಯಾಂಟು ಕಾಣಲಿಲ್ಲ.

"ನನ್ನ ಒಳ್ಳೇ ಪ್ಯಾಂಟೆಲ್ಲೇ?"

"ಶಾಲೆಗೆ ಹೋಗಿದೆ," ಎಂದಳು ದೆಯೋಲಿಂದಾ.

"ನಾನೇ ಇಲ್ಲಿದ್ದೀನಿ, ಪ್ಯಾಂಟು ಹ್ಯಾಗೆ ಹೋಗುತ್ತೆ?"

"ನಿಮಗಿಂತ ಮುಂಚೆ ಹೋಗಿದೆ. ಹೊರಡಿ, ಹೊತ್ತಾಯ್ತು."

ಹೆಂಗಸರ ಕುಚೋದ್ಯಕ್ಕೆ ಉತ್ತರ ಕೊಡುವ ಹೊತ್ತಲ್ಲವೆಂದು ಅವನು ಅಂಗಡಿಯ ಪ್ಯಾಂಟಿನಲ್ಲೇ ಹೊರಟ. ಅಂಗಳ ತುಂಬಿ ಹೋಗಿತ್ತು. ಹೊತ್ತು ಮುಳುಗುವ ಮುಂಚೆ ನ್ಯಾ ಬಸಿಲೀಸಾ ಅವನನ್ನು ವೇದಿಕೆಗೆ ಕರೆದರು. ಪಕ್ಕದಲ್ಲಿ, ಬಿಳಿ ಹೊದಿಕೆ ಹೊದ್ದ ಯೂದ ಕುರ್ಚಿಯ ಮೇಲೆ ಕೂತಿದ್ದ. ಹೆರಿಬೆರ್ತೊ ಗಂಟಲು ಸರಿಮಾಡಿಕೊಂಡ.

"ಮಹಾಜನಗಳೇ. ಈ ಹೊದಿಕೆಯ ಕೆಳಗೆ ಯಾರಿದ್ದಾನೆಂದು ನನಗೆ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಮಕ್ಕಳ ಮನಸ್ಸು ನಿರ್ಮಲವಾದ ಕನ್ನಡಿ. ಆ ಕನ್ನಡಿ ಯಾವ ಮಹಾನುಭಾವನನ್ನು ಊರಿನ ಪೀಡೆಯೆಂದು ತೋರಿಸಿದೆಯೋ ಅವನು ಇವತ್ತು ಈ ಜನರ ನಡುವೆಯೇ ನಿಂತಿರಬಹುದು. ಅವನಿಗೆ ನಾನು ಹೇಳುವುದಿಷ್ಟೆ: ನಾಚಿಕೆಪಡು, ತಿದ್ದಿಕೋ. ಅಲ್ಲಿಯವರೆಗೆ ನಿನಗೆ ಬೆಂಕಿಯೇ ಸರಿ."

ಜನ ಚಪ್ಪಾಳೆ ತಟ್ಟಿದರು. ನ್ಯಾ ಬಸಿಲೀಸಾ ಹೊದಿಕೆ ಎಳೆದರು.

ಕುರ್ಚಿಯ ಮೇಲೆ ಹೆರಿಬೆರ್ತೊ ಕೂತಿದ್ದ.

ಕುದುರೆ ಬಾಲದ ಮೀಸೆ, ಎರಡು ತುದಿಯೂ ಮೇಲಕ್ಕೆ. ಜೇಬಿನಲ್ಲಿ ಬಾಚಣಿಗೆ. ಕೊರಳಲ್ಲಿ ಸೀಟಿ. ಹುಲ್ಲು ತುಂಬಿದ ಹೊಟ್ಟೆ ಬೆಲ್ಟಿನ ಮೇಲೆ ಇಳಿಬಿದ್ದ ರೀತಿಯಂತೂ ಕಂಡವರೇ ಮಾಡಬೇಕು. ಬಾಯಿ ಮಾತ್ರ ಇರಲಿಲ್ಲ. ಬರೆಯುವಷ್ಟರಲ್ಲಿ ಕೆಂಪು ಬಣ್ಣ ಮುಗಿದಿತ್ತಂತೆ. ಕಾಲಿಗೆ ಕಂದು ಬಣ್ಣದ ಪ್ಯಾಂಟು.

ಹೆರಿಬೆರ್ತೊ ಗೊಂಬೆಯ ಹೊಟ್ಟೆ ನೋಡಿದ, ತನ್ನದನ್ನು ನೋಡಿಕೊಂಡ. ಇಷ್ಟು ಜನರ ಮುಂದೆ ತನ್ನ ಹೊಟ್ಟೆಯನ್ನು ಹೊರಗಿನಿಂದ ನೋಡುವುದು ಅವನಿಗೆ ಅಭ್ಯಾಸವಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ತಡೆಯಲಾರದೆ ಮೂಗಿನಿಂದ ಒಂದು ಸದ್ದು ಹೊರಡಿಸಿದರು. ಆಮೇಲೆ ಬೇಲಿಯ ತನಕ ನಗು ಉರುಳಿಕೊಂಡು ಹೋಯಿತು. ಎಂಬೆಜು ಸುಡುತ್ತಿದ್ದವರು ಬಾಣಲೆ ಬಿಟ್ಟು ಬಂದರು.

ಅವನು ವೇದಿಕೆಯಿಂದ ಬಗ್ಗಿ, ಮುಂದಿನ ಸಾಲಿನಲ್ಲಿ ನಿಂತಿದ್ದ ಹೆಂಡತಿಯನ್ನು ಕೇಳಿದ.

"ಪ್ಯಾಂಟು ನೀನು ಕೊಟ್ಟೆಯಾ?"

"ಮಗು ಶಾಲೆಗೆ ಬೇಕು ಅಂತು. ಯಾಕೆ ಏನು ಅಂತ ದೊಡ್ಡವರು ಕೇಳಬಾರದು ಅಂದೋರು ನೀವೇ," ಎಂದಳು ಅವಳು. ಅವಳ ಮುಖವೂ ಬಿಳಿಚಿತ್ತು. ಪ್ಯಾಂಟು ನಾಟಕಕ್ಕೆ ಅಂದುಕೊಂಡಿದ್ದಳಂತೆ.

ಸಂಪ್ರದಾಯದ ಪ್ರಕಾರ ಬೆಂಕಿ ಹಚ್ಚುವವನು ಅಧ್ಯಕ್ಷ. ಯಾರೋ ಬೆಂಕಿಪೊಟ್ಟಣ ತಂದು ಅವನ ಕೈಗಿಟ್ಟರು. ಓಡಿಹೋದರೆ ಜೀವಮಾನವಿಡೀ ಆಡಿಕೊಳ್ಳುತ್ತಾರೆ, ಹಚ್ಚಿದರೂ ಆಡಿಕೊಳ್ಳುತ್ತಾರೆ. ಹೆರಿಬೆರ್ತೊ ಕಡ್ಡಿ ಗೀರಿದ. ಗಾಳಿಗೆ ಆರಿಹೋಯಿತು. ಇನ್ನೊಂದು ತೆಗೆದ.

ಅಷ್ಟರಲ್ಲಿ ಜೆರುತಿ ವೇದಿಕೆ ಹತ್ತಿ ಬಂದು ಗೊಂಬೆಯ ಕೊರಳು ತಬ್ಬಿಕೊಂಡಳು. "ಸುಡ್ಬೇಡಿ" ಎಂದು ಅತ್ತಳು. ಅವಳ ಹಿಂದೆ ಮೂರನೇ ತರಗತಿಯೇ ಹತ್ತಿತು. ಒಬ್ಬ ಹುಡುಗ ಗೊಂಬೆಯ ಕಾಲು ಹಿಡಿದುಕೊಂಡ, ಒಬ್ಬಳು ಕೈ. ಎಲ್ಲರೂ ಗೊಳೋ ಎಂದು ಅಳುತ್ತಿದ್ದರು. ಅಂಗಳದ ನಗು ಒಂದೊಂದಾಗಿ ನಿಂತಿತು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು.

ಹೆರಿಬೆರ್ತೊನ ಎದೆ ತುಂಬಿ ಬಂತು. ಎಷ್ಟು ಬೈದರೂ, ಎಷ್ಟು ಸೀಟಿ ಊದಿದರೂ ಕೊನೆಗೆ ಮಕ್ಕಳಿಗೆ ಒಳ್ಳೆಯವರು ಯಾರೆಂದು ತಿಳಿಯುತ್ತದೆ. ಅವನು ಮೊಣಕಾಲೂರಿ ಮಗಳ ಬೆನ್ನು ಸವರಿದ.

"ಅಳಬೇಡ ಕಂದಾ. ಅದು ಬರೀ ಹುಲ್ಲು. ನಿಜವಾದ ಪಪ್ಪಾ ಇಲ್ಲೇ ಇದ್ದೀನಲ್ಲ."

ಜೆರುತಿ ಮುಖವೆತ್ತಿ ಅವನನ್ನು ನೋಡಿದಳು, ಗೊಂಬೆಯನ್ನು ನೋಡಿದಳು, ಇನ್ನೂ ಜೋರಾಗಿ ಅತ್ತಳು.

"ಇವನು ಒಳ್ಳೆಯವನು ಪಪ್ಪಾ. ನಾವು ಆಡೋವಾಗ ಸುಮ್ನೆ ಕೂತು ನೋಡ್ತಾನೆ. ಸೀಟಿ ಇದ್ರೂ ಊದೋದಿಲ್ಲ."

ಕಾಲು ಹಿಡಿದುಕೊಂಡಿದ್ದ ಹುಡುಗ ಮೂಗೊರೆಸಿಕೊಂಡು, "ಬಾಗಿಲು ಮುಚ್ಚಿ ಆಡೋ ಫುಟ್ಬಾಲಿಗೂ ಇವನೇ ಗೋಲ್‌ಕೀಪರ್," ಎಂದ. "ಸುಡೋದೇ ಆದ್ರೆ..." ಎಂದು ಹೆರಿಬೆರ್ತೊನತ್ತ ನೋಡತೊಡಗಿದಾಗ ಸುನಿಲ್ದಾ ಟೀಚರು ಅವನ ಬಾಯಿ ಮುಚ್ಚಿದಳು.

ಹೆರಿಬೆರ್ತೊ ಕೈಯಲ್ಲಿದ್ದ ಕಡ್ಡಿಯನ್ನು ಗೀರದೆಯೇ ಪೊಟ್ಟಣಕ್ಕೆ ಹಾಕಿದ. ನ್ಯಾ ಬಸಿಲೀಸಾ ಕೇಳಿದ್ದಕ್ಕೆ ಅವನು ತಲೆಯಾಡಿಸಿದನಂತೆ: ಸುಡುವುದು ಬೇಡ. ತನ್ನ ಕೊರಳಿನ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡನಂತೆ. ಆ ವರ್ಷ ಯೂದನಿಲ್ಲದೆಯೇ ಹಬ್ಬ ಮುಗಿಯಿತು. ಗೊಂಬೆಯನ್ನು ಬಿಟ್ಟು ಬರಲು ಜೆರುತಿ ಒಪ್ಪದೆ, ಅದನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಮನೆಗೆ ತಂದರು. ಅಪ್ಪ ಗಾಡಿ ತಳ್ಳಿದ. ಮಗಳು ಈ ಸಲ ಅಪ್ಪನಿದ್ದ ಬದಿಯಲ್ಲೇ, ಗೊಂಬೆಯ ಕೈ ಹಿಡಿದುಕೊಂಡು ನಡೆದಳು.

ಮರುದಿನ ದೆಯೋಲಿಂದಾ ಮನೆಯ ಬಟ್ಟೆಯನ್ನೆಲ್ಲ ಒಗೆದಳು. ಮೋಡ ಕವಿದು ಯಾವುದೂ ಒಣಗಲಿಲ್ಲ. ಅಂಗಡಿಯ ಪ್ಯಾಂಟು ಹಗ್ಗದ ಮೇಲೆ ತೊಟ್ಟಿಕ್ಕುತ್ತಿತ್ತು. ಒಳ್ಳೆಯದನ್ನು ಮಕ್ಕಳು ಗೋಣಿದಾರದಿಂದ ಹುಲ್ಲಿಗೇ ಸೇರಿಸಿ ಹೊಲಿದುಬಿಟ್ಟಿದ್ದರಿಂದ ಬಿಚ್ಚಿದರೆ ಹರಿಯುತ್ತದೆ. ಹೆರಿಬೆರ್ತೊ ಕಂಬಳಿ ಸುತ್ತಿಕೊಂಡು ಒಳಗೆ ಕೂತ. ಯೂದ ಜಗುಲಿಯ ಕುರ್ಚಿಯಲ್ಲಿ ಕೂತಿದ್ದ.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ನ್ಯಾ ಸಿನ್ಫೊರೋಸಾ ಜಗುಲಿ ಹತ್ತಿದ್ದು ಅವನಿಗೆ ಕೇಳಿಸಿತು. ಮುದುಕಿಗೆ ಕಣ್ಣು ಮಂಜು. ಹಿಂದಿನ ದಿನ ಮಂಡಿ ನೋವೆಂದು ಹಬ್ಬಕ್ಕೂ ಬಂದಿರಲಿಲ್ಲ.

"ಏನಪ್ಪಾ ಹೆರಿಬೆರ್ತೊ, ಚೆನ್ನಾಗಿದೀಯಾ?" ಎಂದು ಎದುರಿನ ಮಣೆಯ ಮೇಲೆ ಕೂತು ಮಂಡಿಯ ವಿಷಯ ಹೇಳತೊಡಗಿದಳು. ಮಂಡಿಯಿಂದ ಸೊಸೆಗೆ ಬಂದಳು, ಸೊಸೆಯಿಂದ ಹಸುವಿಗೆ. ಮಧ್ಯೆ ಒಂದು ಸಲ ಅತ್ತಳು ಕೂಡ. ದೆಯೋಲಿಂದಾ ಲೋಟದಲ್ಲಿ ಬಿಸಿ ಮಾತೆ ಕಷಾಯ ತಂದುಕೊಟ್ಟಾಗ ಮುದುಕಿ ದನಿ ತಗ್ಗಿಸಿ ಹೇಳಿದಳು:

"ನಿನ್ನ ಗಂಡ ಎಷ್ಟು ಸುಧಾರಿಸಿದಾನೆ ಕಣೇ. ಅಷ್ಟೊತ್ತಿನಿಂದ ಮಾತಾಡ್ತಿದೀನಿ, ಒಂದ್ಸಲಾನೂ ಮಧ್ಯೆ ಬಾಯಿ ಹಾಕ್ಲಿಲ್ಲ."

ಒಳಗೆ ಕೂತವನಿಗೆ ಇನ್ನು ತಡೆಯಲಾಗಲಿಲ್ಲ. ಕಂಬಳಿಯನ್ನು ಸೊಂಟಕ್ಕೆ ಬಿಗಿದುಕೊಂಡು ಹೊರಗೆ ಬಂದು, ಗೊಂಬೆಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ಕೂತ. ಬಾಳಿನಲ್ಲಿ ಮೊದಲ ಸಲ ಸುಮ್ಮನಿದ್ದ.

ನ್ಯಾ ಸಿನ್ಫೊರೋಸಾ ಬಗ್ಗಿ, ಕಣ್ಣು ಕಿರಿದು ಮಾಡಿ, ಅತ್ತ ನೋಡಿದಳು, ಇತ್ತ ನೋಡಿದಳು.

"ಇದೇನೇ ದೆಯೋಲಿಂದಾ, ಇಬ್ಬರು ಕಾಣ್ತಿದಾರೆ ನನಗೆ. ನಿನ್ನ ಯಜಮಾನ ಯಾರು?"

ದೆಯೋಲಿಂದಾ ಇಬ್ಬರನ್ನೂ ಒಮ್ಮೆ ನೋಡಿದಳು. ಆತುರವೇನೂ ಪಡಲಿಲ್ಲ.

"ಪ್ಯಾಂಟು ಹಾಕ್ಕೊಂಡಿರೋರು," ಎಂದು ಲೋಟ ತೆಗೆದುಕೊಂಡು ಒಳಗೆ ಹೋದಳು.